ವಿಚಾರಣಾ ನ್ಯಾಯಾಲಯದ ಆದೇಶ: ಹೈಕೋರ್ಟ್ ಮೆಟ್ಟಿಲೇರುವ ಮುನ್ನ

ಜಮೀನಿನ ದಾವೆ ತಾಲ್ಲೂಕು ಕೋರ್ಟಿನಲ್ಲಿ ನಡೆಯುತ್ತಿದೆ. ತೀರ್ಪು ಇನ್ನೂ ದೂರ. ಅಷ್ಟರಲ್ಲಿ ನಿಮ್ಮ ಮಧ್ಯಂತರ ಅರ್ಜಿ ವಜಾ ಆಯಿತು. ಹೈಕೋರ್ಟಿಗೆ ಹೋಗೋಣ ಎನಿಸುವುದು ಸಹಜ. ಸಂವಿಧಾನದ 227ನೇ ವಿಧಿಯು ಅಧೀನ ನ್ಯಾಯಾಲಯಗಳ ಮೇಲ್ವಿಚಾರಣೆಯ ಅಧಿಕಾರವನ್ನು ಹೈಕೋರ್ಟಿಗೆ ಕೊಟ್ಟಿದೆ. ಆದರೆ ಅದು ವಿರಳವಾಗಿ ಚಲಾಯಿಸುವ ಅಧಿಕಾರ. ಹಣ, ಸಮಯ ಖರ್ಚು ಮಾಡುವ ಮುನ್ನ ಈ ಹಂತಗಳನ್ನು ಗಮನಿಸಿ.

1. ಆದೇಶ ಓದಿ: ದೃಢೀಕೃತ ನಕಲಿಗೆ ಕೂಡಲೇ ಅರ್ಜಿ ಹಾಕಿ. ನ್ಯಾಯಾಧೀಶರು ಕೊಟ್ಟಿರುವ ಕಾರಣಗಳನ್ನು ವಕೀಲರ ಜೊತೆ ಕೂತು ಓದಿ. ಮುಂದಿನ ಎಲ್ಲ ನಿರ್ಧಾರಕ್ಕೂ ಆ ಕಾರಣಗಳೇ ಆಧಾರ.

2. ಮೇಲ್ಮನವಿ ಇದೆಯೇ ನೋಡಿ: ತಾತ್ಕಾಲಿಕ ಇಂಜಂಕ್ಷನ್ ಕೊಟ್ಟರೂ ನಿರಾಕರಿಸಿದರೂ ಸಿವಿಲ್ ಪ್ರಕ್ರಿಯಾ ಸಂಹಿತೆಯ (ಸಿಪಿಸಿ) ಆರ್ಡರ್ 43ರಡಿ ಮೇಲ್ಮನವಿಗೆ ಅವಕಾಶವಿದೆ. ಜಿಲ್ಲಾ ನ್ಯಾಯಾಲಯಕ್ಕಾದರೆ 30 ದಿನ, ಹೈಕೋರ್ಟಿಗಾದರೆ 90 ದಿನ. ಸಿಪಿಸಿಯಲ್ಲೇ ಮೇಲ್ಮನವಿಯ ದಾರಿ ಇರುವಾಗ 227ನೇ ವಿಧಿಯ ಬಾಗಿಲು ಬಹುಮಟ್ಟಿಗೆ ಮುಚ್ಚಿದಂತೆಯೇ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ.

3. ತಪ್ಪಿನ ಸ್ವರೂಪ ಗುರುತಿಸಿ: ಇದೇ ಮುಖ್ಯ ಹಂತ. ನ್ಯಾಯಾಲಯ ತನ್ನ ವ್ಯಾಪ್ತಿ ಮೀರಿದೆಯೇ? ಇರುವ ಅಧಿಕಾರವನ್ನು ಚಲಾಯಿಸಲು ನಿರಾಕರಿಸಿದೆಯೇ? ನಿಮ್ಮ ವಾದ ಕೇಳದೆ ಆದೇಶ ಮಾಡಿದೆಯೇ? ಕಾನೂನನ್ನು ಕಡೆಗಣಿಸಿ ಗಂಭೀರ ಅನ್ಯಾಯವಾಗಿದೆಯೇ? ಇವುಗಳಲ್ಲಿ ಒಂದಕ್ಕಾದರೂ ಉತ್ತರ ಹೌದು ಎಂದಾದರೆ ಮುಂದುವರಿಯಿರಿ. ಅಧೀನ ನ್ಯಾಯಾಲಯಗಳನ್ನು ಅಧಿಕಾರದ ಎಲ್ಲೆಯೊಳಗೆ ಇರಿಸಲು ಈ ವಿಧಿ ಇದೆಯೇ ಹೊರತು ಸಾಮಾನ್ಯ ತಪ್ಪುಗಳನ್ನು ತಿದ್ದಲು ಅಲ್ಲ ಎಂಬುದು 1954ರ ವರ್ಯಾಮ್ ಸಿಂಗ್ ಪ್ರಕರಣದಿಂದಲೂ ನಡೆದುಬಂದ ನಿಲುವು. ಸಾಕ್ಷ್ಯವನ್ನು ಬೇರೆ ರೀತಿ ಅಳೆಯಬಹುದಿತ್ತು ಎಂಬ ವಾದ ಸಾಲದು.

4. ಕಾಯಬಹುದೇ ಯೋಚಿಸಿ: ಮಧ್ಯಂತರ ಆದೇಶದ ತಪ್ಪು ತೀರ್ಪಿನ ಮೇಲೆ ಪರಿಣಾಮ ಬೀರಿದ್ದರೆ ಅದನ್ನು ಅಂತಿಮ ಮೇಲ್ಮನವಿಯಲ್ಲಿ ಎತ್ತಲು ಸಿಪಿಸಿ ಸೆಕ್ಷನ್ 105 ಅವಕಾಶ ಕೊಡುತ್ತದೆ. ಆಮೇಲೆ ಸರಿಪಡಿಸಲಾಗದ ನಷ್ಟವಿದ್ದರೆ ಮಾತ್ರ ಈಗಲೇ ಹೋಗಿ.

5. ಸರಿಯಾದ ವಿಧಿಯಡಿ ಸಲ್ಲಿಸಿ: ಸಿವಿಲ್ ನ್ಯಾಯಾಲಯದ ಆದೇಶವನ್ನು 226ನೇ ವಿಧಿಯಡಿ ಪ್ರಶ್ನಿಸಲಾಗದು, 227ನೇ ವಿಧಿಯಡಿಯೇ ಪ್ರಶ್ನಿಸಬೇಕು ಎಂದು 2015ರ ರಾಧೇಶ್ಯಾಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ನಿಮ್ಮ ಜಿಲ್ಲೆಗೆ ಅನುಗುಣವಾಗಿ ಬೆಂಗಳೂರು, ಧಾರವಾಡ ಅಥವಾ ಕಲಬುರಗಿ ಪೀಠಕ್ಕೆ ಅರ್ಜಿ ಹೋಗುತ್ತದೆ. ಎದುರು ಕಕ್ಷಿದಾರರೇ ಪ್ರತಿವಾದಿಗಳು. ಆದೇಶ ಬರೆದ ನ್ಯಾಯಾಧೀಶರನ್ನು ಸೇರಿಸಬೇಕಿಲ್ಲ. ಪ್ರಶ್ನೆಯಾಗಿರುವುದು ಆದೇಶ, ವ್ಯಕ್ತಿಯಲ್ಲ. ಪಕ್ಷಪಾತದ ಬಗ್ಗೆ ಆಧಾರಸಹಿತ ಆತಂಕವಿದ್ದರೆ ಸಿಪಿಸಿ ಸೆಕ್ಷನ್ 24ರಡಿ ಪ್ರಕರಣದ ವರ್ಗಾವಣೆ ಕೋರಬಹುದು.

6. ತಡೆಯಾಜ್ಞೆ ಪ್ರತ್ಯೇಕವಾಗಿ ಕೇಳಿ: ಅರ್ಜಿ ಸಲ್ಲಿಸಿದ ಮಾತ್ರಕ್ಕೆ ಕೆಳಗಿನ ವಿಚಾರಣೆ ನಿಲ್ಲದು. 227ರ ಅರ್ಜಿಗೆ ನಿಗದಿತ ಕಾಲಮಿತಿ ಇಲ್ಲದಿದ್ದರೂ ವಿಳಂಬಕ್ಕೆ ಕಾರಣ ಹೇಳಲೇಬೇಕು.

ಕ್ರಿಮಿನಲ್ ಪ್ರಕರಣಗಳ ದಾರಿ ಬೇರೆ. ಅಲ್ಲಿ ಹೈಕೋರ್ಟಿನ ಅಂತರ್ಗತ ಅಧಿಕಾರವು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 528ರಲ್ಲಿದೆ. ಹಿಂದೆ ಅದು ಸಿಆರ್‌ಪಿಸಿ 482 ಆಗಿತ್ತು.

ವಕೀಲರ ಶುಲ್ಕ ಹೊರೆಯಾದರೆ ಕಾನೂನು ಸೇವಾ ಪ್ರಾಧಿಕಾರವನ್ನು ಸಂಪರ್ಕಿಸಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಉಚಿತ ನೆರವಿಗೆ ಅರ್ಹರು.

ಆದೇಶ ಹಿಡಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಹೈಕೋರ್ಟಿಗೆ ಹೋದರೆ ತಡವಾಗುವುದು ನಿಮ್ಮದೇ ದಾವೆ. ಮೂರನೇ ಹಂತದ ಪ್ರಶ್ನೆಗಳಿಗೆ ವಕೀಲರಿಂದ ನೇರ ಉತ್ತರ ಪಡೆದ ಮೇಲಷ್ಟೇ ವಕಾಲತ್ತಿಗೆ ಸಹಿ ಹಾಕಿ.