ಮೂರರಲ್ಲಿ ಒಂದು ಪಾಲು

ಕೋರ್ಟು ಸಂಬಳಕ್ಕೆ ಕೈ ಹಾಕಿದರೆ ಮನೆಗೆ ಬಿಡಿಗಾಸೂ ಉಳಿಯುವುದಿಲ್ಲ ಎಂಬ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಬಾಣಾವರದ ಸ್ಟೇಷನ್ನಿನಲ್ಲಿ, ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಇದನ್ನು ಕೇಳುತ್ತಲೇ ಬೆಳೆದವಳು ನಾನು. ಅದು ಸುಳ್ಳು. ಆ ಸುಳ್ಳನ್ನು ನಂಬಿ ನನ್ನ ತಮ್ಮ ಮಾಡಿದ ಒಂದು ತೀರ್ಮಾನಕ್ಕೆ ಇವತ್ತಿಗೂ ತಿಂಗಳಾ ತಿಂಗಳಾ ಕಂತು ಕಟ್ಟುತ್ತಿದ್ದಾನೆ.

ಅವನು ಬಾಣಾವರದಿಂದ ರೈಲಿನಲ್ಲಿ ಅರಸೀಕೆರೆಗೆ ಓಡಾಡಿಕೊಂಡು ಒಂದು ಖಾಸಗಿ ಸಂಸ್ಥೆಯಲ್ಲಿ ದುಡಿಯುವವನು. ಸಂಬಳ 28,000 ರೂಪಾಯಿ. ಜೊತೆಯಲ್ಲಿ ಕೆಲಸ ಮಾಡುವ ಗೆಳೆಯನೊಬ್ಬನ ಗೂಡ್ಸ್ ಗಾಡಿ ಸಾಲಕ್ಕೆ ಜಾಮೀನು ಹಾಕಿದ. ಗೆಳೆಯ ಕಂತು ಬಿಟ್ಟ. ಫೈನಾನ್ಸಿನವರು ಗಾಡಿ ಎತ್ತಿಕೊಂಡು ಹೋಗಿ ಮಾರಿದರು. ಉಳಿದ ಬಾಕಿಗೆ ಇಬ್ಬರ ಮೇಲೂ ದಾವೆ ಹೂಡಿದರು. ಅಮೀನ ಸಮನ್ಸ್ ತಂದಾಗ ತಮ್ಮ ‘ಸಾಲ ತಗೊಂಡೋನು ನಾನಲ್ಲ’ ಎಂದು ಸಹಿ ಹಾಕಲಿಲ್ಲ. ಅಮೀನ ಕಾಗದವನ್ನು ಮನೆ ಬಾಗಿಲಿಗೆ ಅಂಟಿಸಿ ಹೋದ. ಕೋರ್ಟು ಅದನ್ನು ಜಾರಿಯಾಯಿತೆಂದೇ ಒಪ್ಪಿ, ಅವನ ಗೈರುಹಾಜರಿಯಲ್ಲೇ ಎಕ್ಸ್‌ಪಾರ್ಟಿ ಡಿಕ್ರಿ ಮಾಡಿತು. ಬಡ್ಡಿ, ಖರ್ಚು ಎಲ್ಲ ಸೇರಿ 3 ಲಕ್ಷ ರೂಪಾಯಿ.

‘ಅಕ್ಕಾ, ಆಫೀಸಿಗೇ ಕೋರ್ಟಿನ ಕಾಗದ ಬಂದೈತೆ’ ಎಂದು ಅವನು ಫೋನ್ ಮಾಡಿದ ದಿನ ಅವನ ದನಿಯಲ್ಲಿದ್ದದ್ದು ಹಣದ ಚಿಂತೆಗಿಂತ ಹೆಚ್ಚಾಗಿ ನಾಚಿಕೆ. ಅಕೌಂಟ್ಸಿನವರು ನೋಡಿದರು, ಮ್ಯಾನೇಜರ್ ನೋಡಿದರು. ಅರ್ಧ ಸಂಬಳ ಹಿಡೀತಾರಂತೆ ಎಂದು ಯಾರೋ ಹೇಳಿದರು, ಪೂರ್ತಿ ಎಂದರು ಇನ್ನೊಬ್ಬರು. ಅದೇ ವಾರ ಒಂದು ಸಾಲದ ಕಂಪನಿಯಿಂದ ಫೋನ್ ಬಂತು. ಐದು ವರ್ಷಕ್ಕೆ, ಶೇ. 18ರ ಬಡ್ಡಿಗೆ 3 ಲಕ್ಷದ ಪರ್ಸನಲ್ ಲೋನ್. ನನಗೊಂದು ಮಾತೂ ಹೇಳದೆ ತೆಗೆದುಕೊಂಡು, ಡಿಕ್ರಿ ಹಣವನ್ನು ಒಂದೇ ಏಟಿಗೆ ಕಟ್ಟಿ, ‘ಮರ್ಯಾದೆ ಉಳೀತು’ ಎಂದ.

ಆ ಮರ್ಯಾದೆಗೆ ಎಷ್ಟು ಬಿತ್ತು ಎಂದು ಲೆಕ್ಕ ಹಾಕೋಣ. ಪೆನ್ನು ಹಿಡಿದು ಕೂತರೆ ಒಳ್ಳೆಯದು.

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಸೆಕ್ಷನ್ ಪ್ರಕಾರ ಸಂಬಳದ ಮೊದಲ 1,000 ರೂಪಾಯಿಯನ್ನು ಯಾರೂ ಮುಟ್ಟುವಂತಿಲ್ಲ. ಉಳಿದದ್ದರಲ್ಲಿ ಮೂರನೇ ಎರಡು ಪಾಲನ್ನೂ ಮುಟ್ಟುವಂತಿಲ್ಲ. 28,000ದಲ್ಲಿ 1,000 ಕಳೆದರೆ 27,000. ಅದರಲ್ಲಿ ಮೂರನೇ ಎರಡು ಪಾಲು 18,000. ತಮ್ಮನ ಕೈಗೆ ಬರಬೇಕಾದ್ದು 18,000 ಕೂಡಿಸು 1,000, ಅಂದರೆ 19,000. ಜಪ್ತಿಗೆ ಸಿಗುವುದು 9,000 ಮಾತ್ರ. ಸರ್ಕಾರಿ ನೌಕರರಾಗಿದ್ದು, ಅಧಿಸೂಚನೆಯಲ್ಲಿ ವಿನಾಯಿತಿ ಕೊಟ್ಟ ಭತ್ಯೆಗಳಿದ್ದರೆ ಅವನ್ನು ಮೊದಲೇ ಕಳೆದು ಈ ಲೆಕ್ಕ ಹಾಕಬೇಕು. ಪಿಎಫ್ ಹಣಕ್ಕೆ, ಗ್ರಾಚ್ಯುಟಿಗೆ ಕೈ ಹಾಕುವಂತಿಲ್ಲ. ಹೆಂಡತಿ ಮಕ್ಕಳ ಜೀವನಾಂಶದ ಡಿಕ್ರಿಗೆ ಮಾತ್ರ ಲೆಕ್ಕ ತಿರುವುಮುರುವು: ಅಲ್ಲಿ ನೌಕರನಿಗೆ ಉಳಿಯುವುದೇ ಮೂರನೇ ಒಂದು ಪಾಲು.

ಅದೇ ಸೆಕ್ಷನ್ನಿನಲ್ಲಿ ಇನ್ನೂ ಒಂದು ಮಾತಿದೆ, ಬಹಳ ಮಂದಿಗೆ ಅದು ಗೊತ್ತೇ ಇಲ್ಲ. ಒಂದೇ ಡಿಕ್ರಿಗೆ ಒಟ್ಟು 24 ತಿಂಗಳು ಸಂಬಳ ಜಪ್ತಿಯಾದ ಮೇಲೆ, ಆ ಡಿಕ್ರಿಗಾಗಿ ಸಂಬಳವನ್ನು ಮತ್ತೆ ಮುಟ್ಟುವಂತಿಲ್ಲ. 9,000ವನ್ನು 24ರಿಂದ ಗುಣಿಸಿ: 2,16,000 ರೂಪಾಯಿ.

ಈಗ ಪರ್ಸನಲ್ ಲೋನ್. ತಿಂಗಳ ಕಂತು ಸುಮಾರು 7,618. 60 ತಿಂಗಳಿಗೆ 4,57,080. ಎರಡರ ನಡುವಿನ ಅಂತರ 2,41,080 ರೂಪಾಯಿ, ತಮ್ಮನ ಎಂಟು ತಿಂಗಳ ಸಂಬಳಕ್ಕಿಂತ ಹೆಚ್ಚು. ತಿಂಗಳಿಗೆ 1,300 ಚಿಲ್ಲರೆ ಕಡಿಮೆ ಹೋಗುತ್ತದೆ ಎಂಬ ಸಮಾಧಾನಕ್ಕೆ ಮೂರು ವರ್ಷ ಹೆಚ್ಚಿಗೆ ಕಟ್ಟುವ ಒಪ್ಪಂದ ಅದು.

ಹಾಗೆಂದು 24 ತಿಂಗಳಿಗೆ ಸಾಲ ತೀರಿತು ಎಂದು ನಾನು ಹೇಳುತ್ತಿಲ್ಲ. ಡಿಕ್ರಿಗೆ 12 ವರ್ಷ ಆಯುಸ್ಸು. ಉಳಿದ ಬಾಕಿಗೆ ಬಡ್ಡಿ ಬೆಳೆಯುತ್ತದೆ. ತೆಂಗಿನ ತೋಟದಲ್ಲಿ ತಮ್ಮನ ಪಾಲಿದ್ದರೆ ಫೈನಾನ್ಸಿನವರು ಅದರ ಮೇಲೆ ಹೋಗಬಹುದು. ಆದರೆ ಅವರು ಗೆಳೆಯನ ಮೇಲೂ ಹೋಗಬಹುದಿತ್ತು. ಬಾಕಿಗೆ ರಾಜಿ ಮಾತಾಡಲು ನಮಗೂ ಎರಡು ವರ್ಷ ಸಿಗುತ್ತಿತ್ತು. ಲೋನ್ ತೆಗೆದುಕೊಂಡ ಕ್ಷಣದಲ್ಲಿ ಅದೆಲ್ಲ ಮುಗಿಯಿತು. ಇಬ್ಬರ ಹೆಸರಿನಲ್ಲಿದ್ದ ಸಾಲ ಇವನೊಬ್ಬನ ಸಾಲವಾಯಿತು.

ಈ ಪರ್ಸನಲ್ ಲೋನುಗಳ ಬಗ್ಗೆ ನನಗೆ ತಾಳ್ಮೆ ಉಳಿದಿಲ್ಲ. ಸಾಲ ಕೊಡುವಾಗಲೇ ಖಾತೆಯಿಂದ ತಾನಾಗಿ ಹಣ ಹೋಗುವ ಮ್ಯಾಂಡೇಟಿಗೆ ಸಹಿ ಮಾಡಿಸಿಕೊಳ್ಳುತ್ತಾರೆ. ಸಂಬಳ ಬಿದ್ದ ಮೇಲೆ ಮೊದಲು ಕೈ ಹಾಕುವುದು ಅವರೇ. ಇಂಥ ಸಾಲದ ಡಿಕ್ರಿಗೆ ನ್ಯಾಯಾಧೀಶರೇ ಮೂರನೇ ಒಂದು ಪಾಲಿಗಿಂತ ಹೆಚ್ಚು ಹಿಡಿಯುವಂತಿಲ್ಲ. ನೀವೇ ಸಹಿ ಹಾಕಿ ಕೊಟ್ಟ ಮ್ಯಾಂಡೇಟಿಗೆ ಅಂಥ ಮಿತಿಯೇ ಇಲ್ಲ. ಮೂರು ಲೋನಿದ್ದರೆ ಮೂರೂ ಹೋಗುತ್ತವೆ, ರೇಷನ್ನಿಗೆ ಉಳಿಯಿತೋ ಇಲ್ಲವೋ ಯಾರೂ ಕೇಳುವುದಿಲ್ಲ. ಖಾತೆಯಲ್ಲಿ ಹಣವಿಲ್ಲದೆ ಮ್ಯಾಂಡೇಟ್ ಬೌನ್ಸ್ ಆದರೆ, 2007ರ ಪೇಮೆಂಟ್ಸ್ ಕಾಯ್ದೆಯ 25ನೇ ಸೆಕ್ಷನ್ನಿನಲ್ಲಿ ಚೆಕ್ ಬೌನ್ಸಿನ ಹಾಗೆಯೇ ಕ್ರಿಮಿನಲ್ ಕೇಸು ಹಾಕಬಹುದು. ಸಿವಿಲ್ ಡಿಕ್ರಿಗೆ ಹೆದರಿದವನು ತಾನಾಗಿ ನಡೆದುಹೋಗಿ ಕ್ರಿಮಿನಲ್ ಕೇಸಿನ ಬಾಯಿಗೆ ನಿಂತಂತಾಯಿತು.

ಜೈಲಿನ ಭಯವನ್ನೂ ಹೀಗೆಯೇ ಹುಟ್ಟಿಸುತ್ತಾರೆ. ಡಿಕ್ರಿ ಹಣ ಕಟ್ಟಲಿಲ್ಲವೆಂದು ಸಿವಿಲ್ ಜೈಲಿಗೆ ಕಳಿಸುವ ಅವಕಾಶ ಕಾನೂನಿನಲ್ಲಿದೆ, ಹೆಚ್ಚೆಂದರೆ ಮೂರು ತಿಂಗಳು. ಆದರೆ ಕೈಯಲ್ಲಿ ಇದ್ದೂ ಕಟ್ಟದವನಿಗೆ ಅದು, ಇಲ್ಲದವನಿಗಲ್ಲ. 1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಇದನ್ನು ಸ್ಪಷ್ಟವಾಗಿ ಹೇಳಿದ್ದಾರೆ.

ನನಗೆ ಹೆಚ್ಚು ಸಂಕಟವಾಗುವುದು ಬಾಗಿಲಿಗೆ ಅಂಟಿಸಿದ ಆ ಸಮನ್ಸ್ ನೆನೆದಾಗ. ಅವತ್ತು ಕೋರ್ಟಿಗೆ ಹೋಗಿದ್ದರೆ ಗಾಡಿ ಎಷ್ಟಕ್ಕೆ ಮಾರಿದಿರಿ, ದಂಡದ ಬಡ್ಡಿ ಎಷ್ಟು ಸೇರಿಸಿದಿರಿ, ಪೂರ್ತಿ ಲೆಕ್ಕ ಕೊಡಿ ಎಂದು ಕೇಳಬಹುದಿತ್ತು. ಕಂತಿನಲ್ಲಿ ಕಟ್ಟಲು ಅನುಮತಿ ಬೇಡಬಹುದಿತ್ತು. ಲೋಕ್ ಅದಾಲತ್‌ನಲ್ಲಿ ರಾಜಿಗೆ ಕೂರಬಹುದಿತ್ತು. ಎಕ್ಸ್‌ಪಾರ್ಟಿ ಡಿಕ್ರಿಯನ್ನು ರದ್ದು ಮಾಡಿ ಎಂದು 30 ದಿನದೊಳಗೆ ಅರ್ಜಿ ಹಾಕಿದ್ದರೂ ಕಾರಣ ಕೇಳುತ್ತಿದ್ದರು. ವಕೀಲರಿಗೆ ಕೊಡಲು ಹಣವಿಲ್ಲ ಎನ್ನುವವರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಹೆಂಗಸರಿಗೆ, ಪರಿಶಿಷ್ಟರಿಗೆ, ಕೈಗಾರಿಕಾ ಕಾರ್ಮಿಕರಿಗೆ ಅಲ್ಲಿ ಉಚಿತವಾಗಿ ವಕೀಲರನ್ನು ಕೊಡುತ್ತಾರೆ.

ನಮ್ಮ ಊರುಗಳಲ್ಲಿ ಜಾಮೀನು ಎಂದರೆ ಉಪಕಾರ. ಟೀ ಕುಡಿಯುವಷ್ಟರಲ್ಲಿ ಸಹಿ ಮುಗಿದಿರುತ್ತದೆ, ಕಾಗದ ಓದಿದರೆ ಗೆಳೆಯನನ್ನು ನಂಬಲಿಲ್ಲ ಎಂಬ ಮಾತು ಬರುತ್ತದೆ. ಓದಿ. ಅವನು ಮುನಿಸಿಕೊಂಡರೂ ಓದಿ. 1872ರ ಕರಾರು ಕಾಯ್ದೆಯ 128ನೇ ಸೆಕ್ಷನ್ನಿನಲ್ಲಿ ಜಾಮೀನುದಾರನ ಹೊಣೆ ಸಾಲಗಾರನಷ್ಟೇ. ಸಾಲಗಾರನನ್ನು ಮೊದಲು ಹಿಡಿಯಿರಿ, ಆಮೇಲೆ ನನ್ನ ಹತ್ತಿರ ಬನ್ನಿ ಎನ್ನುವ ಹಾಗಿಲ್ಲ. ಸುಪ್ರೀಂ ಕೋರ್ಟು 1969ರಷ್ಟು ಹಿಂದೆಯೇ ಅದನ್ನು ತೀರ್ಮಾನಿಸಿದೆ. ಇವತ್ತು ಕಟ್ಟಲು ಸಾಧ್ಯವಿರುವಷ್ಟು ಮೊತ್ತಕ್ಕೆ ಮಾತ್ರ ಜಾಮೀನು ಹಾಕಿ, ಉಳಿದದ್ದಕ್ಕೆ ಇಲ್ಲ ಎನ್ನುವುದನ್ನು ಕಲಿಯಿರಿ.

ತಮ್ಮನಿಗೆ ಇನ್ನೂ ಒಂದು ದಾರಿ ಉಳಿದಿದೆ. ಜಾಮೀನುದಾರ ಕಟ್ಟಿದ ಹಣವನ್ನು ಸಾಲಗಾರನಿಂದ ವಸೂಲು ಮಾಡುವ ಹಕ್ಕನ್ನು ಅದೇ ಕರಾರು ಕಾಯ್ದೆಯ 145ನೇ ಸೆಕ್ಷನ್ ಕೊಟ್ಟಿದೆ. ಕಟ್ಟಿದ ದಿನದಿಂದ ಮೂರು ವರ್ಷದೊಳಗೆ ದಾವೆ ಹಾಕಬೇಕು. ಗೆಳೆಯನ ಮೇಲೆ ಕೇಸು ಹೇಗೆ ಹಾಕುವುದು ಎಂದು ಅವನು ಹಿಂದೆಮುಂದೆ ನೋಡುತ್ತಿದ್ದ. ಕಟ್ಟಿದ ರಸೀದಿ, ಡಿಕ್ರಿಯ ನಕಲು ಎರಡನ್ನೂ ಹಿಡಿದು ಮುಂದಿನ ವಾರ ನಾವಿಬ್ಬರೂ ಅರಸೀಕೆರೆಗೆ, ವಕೀಲರ ಹತ್ತಿರ ಹೋಗುತ್ತಿದ್ದೇವೆ.