ಈಶ್ವರಿ ಬೇರು ಮತ್ತು ಜೀವಕೋಶದ ಸಾಕ್ಷ್ಯ

“ಮೂರು ತಲೆಮಾರಿನಿಂದ ಈ ಕಷಾಯ ಕುಡಿಯುತ್ತಿದ್ದೇವೆ, ಯಾರಿಗೆ ಏನಾಯಿತು?” ನಾಟಿ ಔಷಧಿಯ ಪರವಾಗಿ ನಮ್ಮ ಹಿರಿಯರು ಹೂಡುವ ವಾದವಿದು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ ಆದುದರಿಂದ, ರಜೆಗೆ ಊರಿಗೆ ಹೋದಾಗಲೆಲ್ಲ ಇದಕ್ಕೆ ನಾನೇ ಉತ್ತರ ಹೇಳಬೇಕು. ವಾದವನ್ನು ಮೌಢ್ಯವೆಂದು ತಳ್ಳಿಬಿಡುವುದು ಸರಿಯಲ್ಲ. ಕುಡಿದ ಗಳಿಗೆಯಲ್ಲೇ ವಾಂತಿ ಬರಿಸುವ ಸೊಪ್ಪು ಯಾವುದೆಂಬುದನ್ನು ಅನುಭವವೇ ಕಲಿಸಿಕೊಡುತ್ತದೆ. ಆದರೆ ಇಂದು ಕುಡಿದುದು ಹತ್ತು ವರ್ಷಗಳ ಮೇಲೆ ಕೆಡುಕು ಮಾಡಿದರೆ, ಆ ಕಷಾಯವನ್ನು ಸಂಶಯಪಡುವವರಾರು?

ಬೆಲ್ಜಿಯಂ ದೇಶದ ಬ್ರಸೆಲ್ಸ್ ನಗರದಲ್ಲಿ ಇಂಥದೇ ಅನಾಹುತ ನಡೆಯಿತು. ಮೈ ಕರಗಿಸಲೆಂದು ಚೀಣೀ ಮೂಲಿಕೆ ಬೆರೆತ ಗುಳಿಗೆ ನುಂಗಿದ ಹೆಂಗಸರ ಮೂತ್ರಪಿಂಡಗಳು ಕೆಟ್ಟುದನ್ನು ವೈದ್ಯರು 1993ರಲ್ಲಿ ಪ್ರಕಟಿಸಿದರು. ಸ್ಟೆಫಾನಿಯ ಎಂಬ ಗಿಡದ ಬೇರಿನ ಬದಲು, ಚೀಣೀ ಭಾಷೆಯಲ್ಲಿ ಹೆಚ್ಚುಕಡಿಮೆ ಅದೇ ಹೆಸರುಳ್ಳ ಅರಿಸ್ಟೊಲೋಕಿಯ ಕುಲದ ಬೇರು ಸೇರಿಹೋಗಿತ್ತು. ಕೆಟ್ಟ ಮೂತ್ರಪಿಂಡಗಳನ್ನು ಮುನ್ನೆಚ್ಚರಿಕೆಗಾಗಿ ತೆಗೆಸಿಕೊಂಡ 39 ಮಂದಿಯಲ್ಲಿ 18 ಮಂದಿಗೆ ಮೂತ್ರಮಾರ್ಗದ ಕ್ಯಾನ್ಸರ್ ಇದ್ದುದು 2000ರಲ್ಲಿ ವರದಿಯಾಯಿತು. ನಮ್ಮ ಕಾಡಿನ ಈಶ್ವರಿ ಬಳ್ಳಿಯೂ ಇದೇ ಕುಲದ್ದು. ಹಾವಿನ ವಿಷ ಇಳಿಯಲೆಂದು ಅದರ ಬೇರನ್ನು ತೇಯ್ದು ಕುಡಿಸುವುದುಂಟು. ಅದರಲ್ಲಿಯೂ ಅರಿಸ್ಟೊಲೋಕಿಕ್ ಆಮ್ಲವಿದೆ.

ಇಂಥ ಕೆಡುಕನ್ನು ಮೊದಲೇ ಅರಿಯುವ ಬಗೆ ಹೇಗೆ? ಕಲಾ ವಿಭಾಗದವನು ಓದಿ ತಿಳಿದಷ್ಟನ್ನು ಹೇಳುತ್ತಿದ್ದೇನೆ. ವಿಜ್ಞಾನದ ಮಿತ್ರರು ನಗಬಾರದು. ಮೂತ್ರಪಿಂಡದಿಂದಲೋ ಯಕೃತ್ತಿನಿಂದಲೋ ಪಡೆದ ಜೀವಕೋಶಗಳನ್ನು, 96 ಪುಟ್ಟ ಗುಳಿಗಳಿರುವ ತಟ್ಟೆಯಲ್ಲಿ 37 ಡಿಗ್ರಿ ಬಿಸಿಯಲ್ಲಿಟ್ಟು ಬೆಳೆಸುತ್ತಾರೆ. ಒಂದೊಂದು ಗುಳಿಗೆ ಒಂದೊಂದು ಪ್ರಮಾಣದಲ್ಲಿ ಮೂಲಿಕೆಯ ಸಾರ ಹಾಕುತ್ತಾರೆ. ಕೆಲವಕ್ಕೆ ಏನನ್ನೂ ಹಾಕುವುದಿಲ್ಲ. ಒಂದೆರಡು ದಿನ ಕಳೆದ ಮೇಲೆ ಹಳದಿಯ ಬಣ್ಣವೊಂದನ್ನು ಬೆರೆಸಿದರೆ, ಬದುಕಿರುವ ಕೋಶಗಳು ಅದನ್ನು ನೇರಳೆಯಾಗಿ ಮಾರ್ಪಡಿಸುತ್ತವೆ. ನೇರಳೆ ತಿಳಿಯಾದಷ್ಟೂ ಸತ್ತ ಕೋಶಗಳು ಹೆಚ್ಚು.

ಆದರೆ ಕೋಶ ಬದುಕಿತೆಂದ ಮಾತ್ರಕ್ಕೆ ನಿಶ್ಚಿಂತೆಯಿಲ್ಲ. ಅದರ ವಂಶವಾಹಿಗೆ ಪೆಟ್ಟು ಬಿದ್ದಿರಬಹುದು. ಇದನ್ನು ಕಂಡುಹಿಡಿಯಲು ಅಮೆರಿಕೆಯ ಬ್ರೂಸ್ ಏಮ್ಸ್ 1970ರ ದಶಕದಲ್ಲಿ ಒಂದು ಉಪಾಯ ಮಾಡಿದರು. ಹಿಸ್ಟಿಡಿನ್ ಎಂಬ ಪೋಷಕವನ್ನು ತಾನೇ ತಯಾರಿಸಿಕೊಳ್ಳಲಾರದ ಬ್ಯಾಕ್ಟೀರಿಯ, ಪರೀಕ್ಷಿಸುವ ವಸ್ತು ತಾಗಿದ ಮೇಲೆ ಆ ಶಕ್ತಿ ಪಡೆದು ಹೆಚ್ಚು ಹೆಚ್ಚಾಗಿ ಬೆಳೆಯತೊಡಗಿದರೆ, ವಂಶವಾಹಿ ಬದಲಾಗಿದೆಯೆಂದು ಅರ್ಥ. ಅರಿಸ್ಟೊಲೋಕಿಕ್ ಆಮ್ಲ ಈ ಪರೀಕ್ಷೆಯಲ್ಲಿ ಸಿಕ್ಕಿಬಿದ್ದುದು 1980ರ ದಶಕದಲ್ಲೇ! ಬ್ರಸೆಲ್ಸಿನ ಹೆಂಗಸರಿಗೆ ಅದರಿಂದ ಉಪಯೋಗವಾಗಲಿಲ್ಲ. ಗುಳಿಗೆಯಲ್ಲಿ ಬೇರೆ ಬೇರಿದೆಯೆಂದೇ ಯಾರಿಗೂ ತಿಳಿದಿರಲಿಲ್ಲ. ಕೋಶದ ಪರೀಕ್ಷೆಗಿಂತ ಮೊದಲು ಗಿಡದ ಗುರುತು ಆಗಬೇಕು.

ಇನ್ನೊಂದು ಮಾತು. ಅತಿಯಾಗಿ ಸುರಿದರೆ ಅಡಿಗೆಯ ಉಪ್ಪೂ ಕೋಶಗಳನ್ನು ಕೊಲ್ಲುತ್ತದೆ. ಮದ್ಯಸಾರದಲ್ಲಿ ತೆಗೆದ ಸಾರವನ್ನು ಪರೀಕ್ಷಿಸಿ ನೀರಿನ ಕಷಾಯದ ಬಗ್ಗೆ ತೀರ್ಪು ಕೊಡುವುದೂ ಸಲ್ಲದು. ನಮ್ಮೂರಲ್ಲಿ ಯಾರೂ ಹಾಗೆ ಕುಡಿಯುವುದಿಲ್ಲ. ಆದ್ದರಿಂದ ಅಜ್ಜಿಯ ಡಬ್ಬಿಯಲ್ಲಿರುವ ಎಲ್ಲ ಬೇರುಗಳ ಮೇಲೂ ನಾನು ದೂರು ಹೇಳಲಾರೆ. ಈಶ್ವರಿ ಬೇರನ್ನು ಮಾತ್ರ ಯಾರಿಗೂ ಕುಡಿಸಬಾರದೆಂದೂ, ಹಾವು ಕಚ್ಚಿದವರನ್ನು ತಡಮಾಡದೆ ಪ್ರತಿವಿಷ ದೊರೆಯುವ ಆಸ್ಪತ್ರೆಗೆ ಒಯ್ಯಬೇಕೆಂದೂ ಮನೆಯಲ್ಲಿ ಹೇಳಿದ್ದೇನೆ. ಅಜ್ಜಿ ಇನ್ನೂ ಒಪ್ಪಿಲ್ಲ.