ಬೆಟ್ಟದ ಮೇಲಿನ ಹಗೇವು

ಹಗೇವನ್ನು ಬಲ್ಲ ರೈತ ಬಾಂಧವರಿಗೆ ಹಿಮನದಿಯೆಂದರೇನೆಂದು ತಿಳಿಸುವುದು ಕಷ್ಟವಲ್ಲ. ಸುಗ್ಗಿಯ ಜೋಳವನ್ನು ನಮ್ಮ ಹಿರಿಯರು ನೆಲದೊಳಗೆ ಇಳಿಸಿ, ಬೇಕಾದಾಗ ತೆಗೆದು ಉಣ್ಣುತ್ತಿದ್ದರು. ಲಡಾಖಿನ ಬೆಟ್ಟವೂ ಹಾಗೆಯೇ. ಚಳಿಗಾಲದ ಹಿಮವು ವರ್ಷದ ಮೇಲೆ ವರ್ಷ ಒತ್ತಿಕೊಂಡು ಗಟ್ಟಿ ಬರ್ಫವಾಗಿ, ತನ್ನ ಭಾರಕ್ಕೆ ತಾನೇ ಮೆಲ್ಲಗೆ ಕೆಳಗೆ ಸರಿಯುತ್ತದೆ. ಬೇಸಿಗೆಯಲ್ಲಿ ಅದರ ತುದಿ ಕರಗಿ ಹಳ್ಳ ಹರಿಯುವುದು. ಲೇಹ್ ಊರಿನಲ್ಲಿ ವರ್ಷಕ್ಕೆ ಮಳೆ, ಹಿಮ ಎಲ್ಲ ಸೇರಿ ಸುಮಾರು 4 ಅಂಗುಲ ಮಾತ್ರ. ಅಲ್ಲಿಯ ಜವೆಗೋಧಿ ನಿಂತಿರುವುದು ಈ ಹಳ್ಳದ ನೀರಿನ ಮೇಲೆಯೇ. ನಮ್ಮ ಭೀಮೆಗೆ ಹಿಮದ ಹಂಗಿಲ್ಲ. ಆಕೆ ಸಹ್ಯಾದ್ರಿಯ ಮಳೆಯ ಮಗಳು.

ಈಗ ಆ ಹಗೇವಿಗೆ ಹಾಕುವುದಕ್ಕಿಂತ ತೆಗೆಯುವುದು ಹೆಚ್ಚಾಗಿದೆ. ಯಂತ್ರಯುಗಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಇಂಗಾಲಾಮ್ಲ ವಾಯು ಸುಮಾರು 280 ಭಾಗವಿತ್ತು. ಕಲ್ಲಿದ್ದಲು, ಎಣ್ಣೆ ಉರಿಸಿ ಉರಿಸಿ ಅದು 420ನ್ನು ದಾಟಿದೆ. ಈ ವಾಯು ಭೂಮಿಗೆ ಹೊದಿಸಿದ ಕಂಬಳಿಯಂತೆ ಕಾವನ್ನು ಹೊರಗೆ ಬಿಡದು. ಹಿಮಾಲಯ ಸೀಮೆಯ ಹಿಮನದಿಗಳು 2011ರಿಂದ 2020ರವರೆಗೆ, ಅದರ ಹಿಂದಿನ ಹತ್ತು ವರ್ಷಕ್ಕಿಂತ ಶೇಕಡಾ 65ರಷ್ಟು ಹೆಚ್ಚು ವೇಗದಿಂದ ಕರಗಿದವೆಂದು 2023ರ ವರದಿಯೊಂದು ಹೇಳಿದೆ.

ಇದನ್ನು ಪಾಠದಲ್ಲಿ ಹೇಳಿದಾಗ ಹುಡುಗನೊಬ್ಬ ಎದ್ದು ಕೇಳಿದ: “ಬರ್ಫ ಕರಗಿದ್ರ ನೀರು ಜಾಸ್ತಿ ಆತಲ್ರೀ ಗುರುಗಳ, ಕೆಟ್ಟದ್ದೇನು?” ಪ್ರಶ್ನೆ ಜಾಣತನದ್ದೇ. ಮೊದಲು ಕೆಲವು ವರ್ಷ ನೀರು ಹೆಚ್ಚುವುದು ನಿಜ. ಹಗೇವು ತೆಗೆದು ಬರಿದು ಮಾಡುವ ದಿನ ಅಂಗಳದ ತುಂಬ ಜೋಳ ಕಾಣುವುದಿಲ್ಲವೇ? ಹಾಗೆ. ಆಮೇಲೆ ವರ್ಷ ವರ್ಷವೂ ಇಳಿಮುಖ.

ಅಷ್ಟರಲ್ಲಿ ಬೆಟ್ಟದ ರೂಪವೂ ಬದಲಾಗುವುದು. ಬಿಳಿ ಬರ್ಫ ಬಿಸಿಲನ್ನು ಹಿಂದಕ್ಕೆ ತಳ್ಳುತ್ತಿತ್ತು. ಅದು ಸರಿದ ಕಡೆ ಕಪ್ಪು ಬಂಡೆ ಬಿಸಿಲು ಕುಡಿದು ಮತ್ತಷ್ಟು ಕಾಯುತ್ತದೆ. ಬರ್ಫ ಬಿಟ್ಟುಹೋದ ತಗ್ಗಿನಲ್ಲಿ ಕೆರೆ ನಿಲ್ಲುವುದು. ಅದರ ಒಡ್ಡು ಹಿಮನದಿ ತಳ್ಳಿ ತಂದ ಸಡಿಲು ಕಲ್ಲು, ಮಣ್ಣು. 2023ರ ಅಕ್ಟೋಬರದಲ್ಲಿ ಸಿಕ್ಕಿಮಿನ ದಕ್ಷಿಣ ಲೋನಾಕ್ ಕೆರೆ ಹೀಗೆ ಒಡೆದು, ತೀಸ್ತಾ ನದಿ ಉಕ್ಕಿ, ಚುಂಗ್‌ಥಾಂಗಿನ ಅಣೆಕಟ್ಟನ್ನೇ ಕೊಚ್ಚಿಹಾಕಿತು.

ಇನ್ನು ಇಂಗಾಲದ ಲೆಕ್ಕ. ತಿಪ್ಪೆ ಬೆಚ್ಚಗಿದ್ದರೆ ಕೊಳೆಯುವುದು, ಮರಗಟ್ಟುವ ಚಳಿಯಲ್ಲಿ ಕೊಳೆಯದು. ಉತ್ತರ ಧ್ರುವದ ಸುತ್ತಿನ ಹೆಪ್ಪುಗಟ್ಟಿದ ನೆಲದಲ್ಲಿ ಸಾವಿರಾರು ವರ್ಷಗಳ ಬೇರು, ಹುಲ್ಲು ಕೊಳೆಯದೆ ಉಳಿದಿದೆ. ಅದರಲ್ಲಿರುವ ಇಂಗಾಲ, ಇಡೀ ವಾಯುಮಂಡಲದಲ್ಲಿರುವುದರ ಸುಮಾರು ಎರಡರಷ್ಟು! ನೆಲ ಕರಗಿದಂತೆ ಅದು ಕೊಳೆತು ಇಂಗಾಲಾಮ್ಲವಾಗಿ, ಜೌಗಿನಲ್ಲಿ ಮಿಥೇನ್ ಆಗಿ, ಗಾಳಿಗೆ ಸೇರುವುದು. ಕಂಬಳಿಯ ಮೇಲೆ ಇನ್ನೊಂದು ಕಂಬಳಿ.

ಲಡಾಖಿನ ರೈತನಿಗೆ ಬಿತ್ತನೆಯ ನೀರು ಬೇಕಾದದ್ದು ಏಪ್ರಿಲ್, ಮೇ ತಿಂಗಳಲ್ಲಿ. ಎತ್ತರದ ಹಿಮನದಿ ಚೆನ್ನಾಗಿ ಕರಗುವುದು ಜೂನಿನಿಂದೀಚೆಗೆ. ಚೆವಾಂಗ್ ನಾರ್ಫೆಲ್ ಎಂಬ ಅಲ್ಲಿಯ ಇಂಜಿನಿಯರರು, ಮರದ ನೆರಳಿನಲ್ಲಿ ಮೆಲ್ಲಗೆ ಹರಿಯುವ ನೀರು ಹೆಪ್ಪುಗಟ್ಟುವುದನ್ನು ಕಂಡರು. ಊರಿನ ಮೇಲ್ಭಾಗದ ನೆರಳಿನ ಇಳಿಜಾರಿಗೆ ಚಳಿಗಾಲದ ಹಳ್ಳವನ್ನು ತಿರುಗಿಸಿ, ಕಲ್ಲಿನ ಒಡ್ಡು ಸಾಲಾಗಿ ಹಾಕಿಸಿ, ನೀರನ್ನು ಅಲ್ಲಿಯೇ ಬರ್ಫ ಮಾಡಿ ನಿಲ್ಲಿಸಿದರು. ತಗ್ಗಿನಲ್ಲಿರುವ ಕಾರಣ ಅದು ಬಿತ್ತನೆಯ ಹೊತ್ತಿಗೇ ಕರಗಿ ಹೊಲಕ್ಕೆ ಬರುವುದು. 2015ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ನಮ್ಮಲ್ಲಿ ಬದುವು ಹಾಕಿದವರಿಗೆ ಈ ಯುಕ್ತಿ ಹೊಸದೆನಿಸದು. ಆದರೆ ಒಡ್ಡು ಹಿಡಿಯುವುದು ಹರಿದು ಬಂದ ನೀರನ್ನಷ್ಟೇ. ಮೇಲಿನ ಹಿಮವೇ ತೀರುತ್ತ ಬಂದರೆ ಚಳಿಗಾಲದ ಹಳ್ಳವೂ ಬಡವಾಗುವುದು. ಆಗ ಅಲ್ಲಿ ಕಟ್ಟಿ ನಿಲ್ಲಿಸುವುದಕ್ಕೆ ಏನೂ ಇರದು.